ನುಂಗದ ಗುಳಿಗೆ

ರಾಣೆಬೆನ್ನೂರು ಕಡೆಯ ಟೊಮೆಟೊ ಬೀಜದ ಹೊಲಗಳಲ್ಲಿ ನಾವು ಮಾಡುವ ಕೆಲಸಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಸಂಜೆ ಚಿಮಟದಿಂದ ಮೊಗ್ಗು ಬಿಡಿಸಿ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಪರಾಗ ಹಚ್ಚಬೇಕು. ಬೆರಳು ನಡುಗಿದರೆ ಹೂವು ಕೆಡುತ್ತದೆ. ನನಗೋ ಎಂಟು ವರ್ಷದಿಂದ ಸಂಧಿವಾತ.

ನಮ್ಮ ಗುಂಪಿನ ಮುಂದಾಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಬೆಳಗಿನ ಚಹಾದ ಜೊತೆ ಎಲ್ಲರ ಅಂಗೈಗೂ ಒಂದೊಂದು ನೋವಿನ ಗುಳಿಗೆ ಹಾಕುವುದು ಅವಳ ಪದ್ಧತಿ. ಉಳಿದವರು ಅದನ್ನು ನುಂಗಿ ಸಂಜೆಯವರೆಗೆ ಆರಾಮಾಗಿ ದುಡಿಯುತ್ತಿದ್ದರು. ನನಗೆ ಮಾತ್ರ ಹೊಟ್ಟೆಯೊಳಗೆ ಉರಿ, ಪಾದಕ್ಕೆ ಬಾವು. ‘ನಾಟಕ ಮಾಡ್ತಾಳ’ ಅಂದಳು ನೆಗೆಣ್ಣಿ. ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು ನನಗೆ.

ದವಾಖಾನೆಗೆ ಹೋದೆ. ಡಾಕ್ಟರು ರಕ್ತದ ರಿಪೋರ್ಟು ನೋಡಿ, ‘ಅಕ್ಕಾರ, ನಿಮ್ಮ ಬ್ಯಾನಿ ಕೆರಳಿದಾಗ ಲಿವರ್ ಕೆಲಸ ನಿಧಾನ ಆಗ್ತೈತಿ. ಕಿಡ್ನೀನೂ ಸೋತಾವ. ನಿನ್ನಿ ಗುಳಿಗಿ ಮೈಯಿಂದ ಹೊರಗ ಹೋಗೂದ್ರಾಗ ಇವತ್ತಿಂದು ಬಂದು ಕುಂದರ್ತೈತಿ. ಹಿಂಗ ನಡದ್ರ ಕಿಡ್ನಿ ಉಳಿಯಂಗಿಲ್ರಿ’ ಅಂದರು. ಬೇರೆ ಔಷಧಿ ಬರೆದುಕೊಟ್ಟರು. ಅದು ಹಿಡಿಯಲು ತಿಂಗಳಾದರೂ ಬೇಕಂತೆ.

ಒಂದು ವಾರ ನೆಗೆಣ್ಣಿ ಕೊಟ್ಟ ಗುಳಿಗೆಯನ್ನು ನುಂಗದೆ ಸೆರಗಿಗೆ ಕಟ್ಟಿಕೊಂಡೆ. ಬೆರಳು ನಿಧಾನವಾದವು. ಒಂದು ಸಂಜೆ ಸೆರಗಿನ ಗಂಟು ಬಿಚ್ಚಿ ಗುಳಿಗೆ ಉದುರಿ ಅವಳ ಕಣ್ಣಿಗೆ ಸಿಕ್ಕಿಬಿದ್ದೆ.

‘ಎಲ್ಲಾರೂ ನುಂಗ್ತಾರ. ನಿನ್ನ ಮೈಯೇನ್ ಬಂಗಾರದ್ದ?’ ಅಂದಳು.

‘ಕೆಟ್ಟದ್ದ ಇರ್ಲಿ ಅಕ್ಕಾ, ಈ ಮೈ ನಂದೈತಿ. ನಿಮ್ಮ ಗುಳಿಗಿ ಇನ್ನ ನಂಗ ಬ್ಯಾಡ್ರಿ.’

‘ಹಂಗಾದ್ರ ನಾಳಿಂದ ಬರಬ್ಯಾಡ.’

ಮರುದಿನ ಗುಂಪನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ನನ್ನನ್ನು ಬಿಟ್ಟು ಹೋಯಿತು. ಬಿಡ್ತೀನಾ? ನಮ್ಮೂರ ಹತ್ತಿರದ ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತಿ ಹೊಲ ಮುಟ್ಟಿದೆ. ನನ್ನ ಸಾಲಿನಲ್ಲಿ ನೆಗೆಣ್ಣಿ ಬೇರೊಬ್ಬಳನ್ನು ನಿಲ್ಲಿಸಿದ್ದಳು. ‘ನಿನ್ನಿ ಸಂಜಿ ಈ ಮೊಗ್ಗು ಬಿಡಿಸಿದಾಕಿ ನಾನು. ಪರಾಗ ಹಚ್ಚಾಕಿನೂ ನಾನ’ ಎಂದು ಆ ಹೆಂಗಸಿನ ಕೈಯಿಂದ ಪರಾಗದ ಡಬ್ಬಿ ಇಸಿದುಕೊಂಡೆ. ಹತ್ತು ಗಂಟೆಗೆ ಅರ್ಧ ಸಾಲು ಮುಗಿದಿತ್ತು. ಬೆರಳು ಸಿಡಿಯುತ್ತಿದ್ದವು, ಅಳು ಒತ್ತಿ ಬರುತ್ತಿತ್ತು. ನೆಗೆಣ್ಣಿಯ ಕಣ್ಣೆದುರು ಅಳಲಿಲ್ಲ.

ನೆಗೆಣ್ಣಿ ಬಂದು ನಿಂತಳು. ‘ಬ್ಯಾನಿ ಆಗವಲ್ದೇನ?’

‘ಆಗಾಕತ್ತೈತಿ. ಆದ್ರ ಇದನ್ನೂ ನೋಡ್ರಿ’ ಎಂದು ಸೀರೆ ಎತ್ತಿ ಪಾದ ತೋರಿಸಿದೆ. ಎಷ್ಟೋ ತಿಂಗಳ ಮೇಲೆ ಬಾವು ಇಳಿದು ಕೀಲಿನ ಎಲುಬು ಕಾಣುತ್ತಿತ್ತು.

ಅವಳು ಬಗ್ಗಿ ಪಾದ ನೋಡಿದಳು. ಆಮೇಲೆ, ‘ನಾಳೆ ಲಗೂ ಬಾ. ನಿನಗ ವ್ಯಾಳೆ ಹಿಡಿತೈತಿ’ ಅಂದಳು.

‘ಬರ್ತೇನ್ರಿ. ನನ್ನ ಪಾಲಿನ ಗುಳಿಗಿ ತರಬ್ಯಾಡ್ರಿ’ ಅಂದೆ.