ಪಕ್ಕದ ಮನೆ ಮಾವ ಕೋರ್ಟು ಹತ್ತಿದ್ದು

ಮೊನ್ನೆ ಮೊಮ್ಮಗಳ ಹೊಸ ಚಪ್ಪಲಿಯ ಡಬ್ಬಿ ಬಿಚ್ಚಿದಾಗ ಹದ ಮಾಡಿದ ಚರ್ಮದ ವಾಸನೆ ಬಂತು. ಅದರ ಹಿಂದೆಯೇ ಜೋಗುಪಾಳ್ಯದ ನಮ್ಮ ಪಕ್ಕದ ಮನೆ ಮಾವನ ನೆನಪೂ ಬಂತು...

ಯುದ್ಧದ ಕಾಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ಬೂಟಂಗಡಿಯೊಂದರಲ್ಲಿ ಮಾವ ಹದಿನೆಂಟು ವರ್ಷ ದುಡಿದಿದ್ದರು. ಮಿಲಿಟರಿ ಆಫೀಸರುಗಳು ಅವರೇ ಹೊಲಿದ ಬೂಟು ಬೇಕೆಂದು ಕಾಯುತ್ತಿದ್ದರು. ಹೆಸರು ಮಾತ್ರ ಅಂಗಡಿಯದು. ಕೊನೆಗೆ ಕೆಲಸ ಬಿಟ್ಟು ದಂಡಿಗೇ ಸೇರಿದ ಹಲಸೂರಿನಲ್ಲಿ ಸ್ವಂತ ಅಂಗಡಿ ತೆರೆದರು. ತಿಂಗಳೊಳಗೆ ಹಳೆಯ ಧಣಿಯ ವಕೀಲರಿಂದ ನೋಟೀಸು ಬಂತು.

ನಾನಾಗ ಹೈಸ್ಕೂಲು ಮುಗಿಸಿದ್ದೆ. ನಮ್ಮ ಸಾಲುಮನೆಗಳಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಓದಿ ಹೇಳಿದೆ: ಸೇರುವಾಗ ಮಾವ ಹೆಬ್ಬೆಟ್ಟು ಒತ್ತಿದ ಕರಾರಿನ ಪ್ರಕಾರ, ಕೆಲಸ ಬಿಟ್ಟ ಮೇಲೆ ಐದು ವರ್ಷ ದಂಡಿನಲ್ಲಿ ಬೂಟು ಹೊಲಿಯುವಂತಿಲ್ಲ. ಅಂಗಡಿ ಮುಚ್ಚದಿದ್ದರೆ ದಾವೆ.

"ಹೊಲೀದೆ ಇನ್ನೇನ್ ಮಾಡ್ಲಮ್ಮಾ? ನಂಗ್ ಬರೋದು ಅದೊಂದೇ," ಅಂದರು.

ವಕೀಲರೊಬ್ಬರ ಮನೆಗೆ ಅವರ ಜೊತೆ ನಾನೂ ಹೋದೆ. "ಕೆಲಸ ಬಿಟ್ಟವನು ದುಡೀಲೇಬಾರದು ಅನ್ನೋ ಕರಾರು ಕಾನೂನಲ್ಲಿ ನಿಲ್ಲಲ್ಲ ರೀ," ಎಂದು ವಕೀಲರು ಧೈರ್ಯ ಹೇಳಿದರು. "ಆದ್ರೆ ಅಂಗಡಿಯ ವಸ್ತು ಏನಾದ್ರೂ ನಿಮ್ಮ ಹತ್ರ ಇದ್ರೆ, ಅದು ಕಷ್ಟ."

ಮಾವ ಮನೆಗೆ ಬಂದು ಟ್ರಂಕಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದರು. ಪುಟಪುಟದಲ್ಲೂ ಗಿರಾಕಿಗಳ ಪಾದದ ಸುತ್ತ ಎಳೆದ ಪೆನ್ಸಿಲಿನ ಗೆರೆ. ಎಳೆದವರು ಮಾವನೇ, ಪುಸ್ತಕ ಅಂಗಡಿಯದು. ಆಫೀಸರುಗಳು ದೂರದಿಂದ ಕಾಗದ ಬರೆದರೆ ಬೂಟು ಹೊಲಿದು ಕಳಿಸಲು ಅದೊಂದೇ ಆಧಾರ.

"ಒಲೆಗೆ ಹಾಕ್ಬಿಡಿ, ಯಾರಿಗ್ ಗೊತ್ತಾಗುತ್ತೆ?" ಅಂದರು ಅವರ ಹೆಂಡತಿ.

"ಹದಿನೆಂಟು ವರ್ಷದ ಕೆಲಸ ಕಣೇ. ಹೆಂಗ್ ಸುಡ್ಲಿ?"

ಕೋರ್ಟಿಗೂ ನಾನು ಜೊತೆಗೆ ಹೋಗಿದ್ದೆ. ಎದುರು ಪಕ್ಷದ ವಕೀಲರು, ಅಂಗಡಿಯಿಂದ ಏನಾದರೂ ತೆಗೆದುಕೊಂಡು ಹೋಗಿದ್ದೀಯಾ ಎಂದು ಕೇಳಿದರು. ಮಾವ ಕಂಕುಳಲ್ಲಿದ್ದ ಗಂಟು ಬಿಚ್ಚಿದರು. "ಹೌದು ಸ್ವಾಮಿ, ತಪ್ಪಾಯ್ತು. ಪುಸ್ತಕ ಅವರದು, ತಗೊಳ್ಳಲಿ. ಕೈ ನಂದು, ಅದನ್ನ ಕೊಡಕ್ಕಾಗಲ್ಲ."

ಪುಸ್ತಕ ಧಣಿಗೆ ಹೋಯಿತು. ಕರಾರು ಊರ್ಜಿತವಲ್ಲವೆಂದು ಜಡ್ಜಿ ದಾವೆ ವಜಾ ಮಾಡಿದರು.

ಗೆದ್ದರೂ, ಅಳತೆಯ ಪುಸ್ತಕವಿಲ್ಲದೆ ಆರು ತಿಂಗಳು ಬರೀ ಹರಿದ ಚಪ್ಪಲಿಗಳ ರಿಪೇರಿ. ಆಮೇಲೊಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬರು ಜಟಕಾದಿಂದಿಳಿದು, ಬೂಟು ಕಳಚಿ, ಕಾಲು ಚಾಚಿ ಕೂತರು. ಮಾವ ಹೊಸ ಪುಸ್ತಕದ ಮೊದಲ ಹಾಳೆಯನ್ನು ಅವರ ಪಾದದ ಕೆಳಗಿಟ್ಟರು. ಆ ಕೈ ಪೆನ್ಸಿಲು ಹಿಡಿದು ಹಿಮ್ಮಡಿಯಿಂದ ಗೆರೆ ಎಳೆಯತೊಡಗಿತು.

ನಾನು ಮದುವೆಯಾಗಿ ಊರು ಬಿಟ್ಟೆ. ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಈಗ ಆ ಸಾಲುಮನೆಗಳೂ ಇಲ್ಲ. ಕೋರ್ಟಿನಿಂದ ನಡೆದು ಬರುವಾಗ, ನಿಮ್ಮ ಪಕ್ಕದ ಮನೆಯವಳು ಅನ್ನಿಸಿಕೊಳ್ಳೋಕೆ ಹೆಮ್ಮೆ ಮಾವ, ಅನ್ನಬೇಕೆನಿಸಿತ್ತು. ಹಿರಿಯರಿಗೆ ಹಾಗೆಲ್ಲ ಹೇಳುವ ರೂಢಿ ಆಗ ಇರಲಿಲ್ಲ... ಈಗ ಹೇಳೋಣವೆಂದರೆ ಅವರಿಲ್ಲ.