ಲಾವಂಚದ ನಾಲ್ಕನೇ ಸಾಲು

ರೆಹಾನಾ, ಆ ಮಣ್ಣಿನ ಚೀಲಗಳಿಗೆ ಕಟ್ಟಿದ್ದ ಚೀಟಿಗಳನ್ನು ನೀನು ಅದಲುಬದಲು ಮಾಡಿರಲಿಲ್ಲ. ಮಾಡಿದೆಯೆಂದು ಸಮಿತಿಯ ಮುಂದೆ ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಇದನ್ನು ಬಿಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ‘ಗೊಂದಲವಾಗಿತ್ತು’, ‘ಕೆಲಸದ ಒತ್ತಡವಿತ್ತು’ ಎಂಬ ಸಭ್ಯ ಹಿಂಬಾಗಿಲುಗಳನ್ನು ಪ್ರಾಧ್ಯಾಪಕರಿಗೆಂದೇ ಯಾರೋ ಸದಾ ತೆರೆದಿಟ್ಟಿರುತ್ತಾರೆ.

ನಾನಾಗ ದಿಲ್ಲಿಯಲ್ಲಿ ಮಣ್ಣಿನ ಸವಕಳಿಯ ಪಾಠ ಹೇಳುತ್ತಿದ್ದೆ. ನೀನು ಚಿತ್ರದುರ್ಗದಿಂದ ಬಂದ ನನ್ನ ಸಂಶೋಧನಾ ವಿದ್ಯಾರ್ಥಿನಿ. ಗ್ರೇಟರ್ ನೋಯ್ಡಾದ ಆಚೆ, ಹಿಂಡನ್ ನದಿಯ ಇಳಿಜಾರು ದಂಡೆಗೆ ಅಡ್ಡಡ್ಡಲಾಗಿ ಐದು ಸಾಲು ಲಾವಂಚ ನೆಡಿಸಿದ್ದೆ. ಮಳೆನೀರು ಕೊಚ್ಚಿ ತರುವ ಮಣ್ಣನ್ನು ಆ ಹುಲ್ಲು ಎಷ್ಟು ತಡೆಯುತ್ತದೆ — ಇದೇ ನಮ್ಮ ಘನ ಪ್ರಶ್ನೆ. ಉತ್ತರ ತರಲು ಆರ್.ಕೆ.ಪುರಂನಿಂದ ಎರಡು ಬಸ್ಸು, ಒಂದು ಆಟೋ, ಉಳಿದದ್ದು ಕಾಲ್ನಡಿಗೆ. ಮೆಟ್ರೋ ಇನ್ನೂ ನೋಯ್ಡಾದ ಮುಖ ಕಂಡಿರಲಿಲ್ಲ. ಬಸ್ಸು ಹತ್ತುತ್ತಿದ್ದವಳು ನೀನು. ನಾನು ಸಭೆಗಳಲ್ಲಿ ಕುಳಿತು ದೇಶದ ಮಣ್ಣು ಉಳಿಸುತ್ತಿದ್ದೆ.

ಎರಡನೇ ಮಳೆಗಾಲ ಮುಗಿದಾಗ ನಾಲ್ಕನೇ ಸಾಲಿನ ಹಿಂದೆ ಮೊಣಕಾಲೆತ್ತರ ಮಣ್ಣು. ಮಿಕ್ಕ ಸಾಲುಗಳ ಹಿಂದೆ ಚಮಚದಲ್ಲಿ ಬಳಿಯುವಷ್ಟು. ಮೇಲಿನ ಮೂರು ಸಾಲು ದಾಟಿ ಬಂದ ನೀರು ನಾಲ್ಕನೆಯದರ ಮೇಲೆ ಮಾತ್ರ ಇಷ್ಟು ಪ್ರೀತಿ ಏಕೆ ತೋರಿತು ಎಂದು ಎಂಟನೇ ಕ್ಲಾಸಿನ ಹುಡುಗ ಕೇಳುತ್ತಿದ್ದ. ನಾನು ಕೇಳಲಿಲ್ಲ. ನಾನು ಲೇಖನಕ್ಕೆ ಶೀರ್ಷಿಕೆ ಯೋಚಿಸುತ್ತಿದ್ದೆ.

ನೀನು ಬಂದು ನನ್ನ ಮೇಜಿನ ಮೇಲೆ ಒಂದು ಚೂರು ಇಟ್ಟೆ.

“ಸರ್, ಹಿಂಡನ್ ದಂಡೆ ಮಣ್ಣಿಗೆ ನೀಲಿ ಹೂವಿನ ಬಾತ್‌ರೂಮ್ ಟೈಲ್ ಎಲ್ಲಿಂದ ಬಂತು?”

“ಮೇಲಿಂದ ಕೊಚ್ಕೊಂಡು ಬಂದಿರುತ್ತೆ ಕಣಮ್ಮ.”

“ಮೇಲಿರೋದು ಕಬ್ಬಿನ ಗದ್ದೆ ಸರ್. ಕಬ್ಬು ಬಾತ್‌ರೂಮ್ ಕಟ್ಟಿಸ್ಕೊಳ್ಳುತ್ತಾ? ಇದು ಮಲ್ಬಾ. ಎಮ್ಮೆ ಮೇಯಿಸೋ ಭಯ್ಯಾನ್ನ ಕೇಳಿದೆ. ‘ಟ್ರಾಲಿ ತೋ ಹರ್ ಹಫ್ತೇ ಆತೀ ಹೈ’ ಅಂದ. ಗಾಡಿದಾರಿ ನಾಲ್ಕನೇ ಸಾಲಿನ ಹತ್ರಾನೇ ಮುಗಿಯುತ್ತೆ. ವಾರವಾರ ಸುರಿದು ಹೋಗ್ತಾರಂತೆ.”

ಮಲ್ಬಾ — ಕಟ್ಟಡ ಒಡೆದ, ಕಟ್ಟಿ ಮಿಕ್ಕ ಕಸಕ್ಕೆ ದಿಲ್ಲಿಯ ಹೆಸರು. ಆ ವರ್ಷಗಳಲ್ಲಿ ಇಡೀ ನೋಯ್ಡಾ ಕಟ್ಟುತ್ತಲೋ ಒಡೆಯುತ್ತಲೋ ಇತ್ತು. ನನ್ನ ಹುಲ್ಲು ತಡೆದದ್ದು ಸವಕಳಿಯನ್ನಲ್ಲ, ಟ್ರ್ಯಾಕ್ಟರನ್ನು.

ಆಗ ನಾನು ಹೇಳಿದ ಮಾತು ನಿನಗೆ ಮರೆತಿರಲಾರದು. “ಎರಡು ಮಿಲಿಮೀಟರ್ ಜರಡಿ ಹಿಡಿ. ನಿಂತದ್ದು ಮಣ್ಣಲ್ಲ, ಇಳಿದದ್ದು ಮಣ್ಣು. ಶಾಸ್ತ್ರ ಹಾಗೇ ಹೇಳುತ್ತೆ.”

ಶಾಸ್ತ್ರ ನಿಜಕ್ಕೂ ಹಾಗೇ ಹೇಳುತ್ತದೆ — ಅದೇ ನನ್ನನ್ನು ರೇಗಿಸುವುದು. ಟೈಲಿನ ಚೂರು ಜರಡಿಯಲ್ಲಿ ನಿಂತು ಸತ್ಯ ಹೇಳಿತು, ಅದನ್ನು ಎಸೆದೆವು. ಸಿಮೆಂಟು, ಇಟ್ಟಿಗೆ ಧೂಳು ತಲೆತಗ್ಗಿಸಿ ಕೆಳಗಿಳಿದು ಮಣ್ಣೆಂಬ ಪದವಿ ಪಡೆದವು.

ನೀನು ಸುಮ್ಮನಾಗಲಿಲ್ಲ. ವಾರ್ಷಿಕ ಪರಿಶೀಲನೆಯಲ್ಲಿ ಸಮಿತಿಯ ಮುಂದೆ ಎದ್ದು ನಿಂತು ಮಲ್ಬಾ ಎಂದೇ ಹೇಳಿದೆ. ಅಧ್ಯಕ್ಷರು ನನ್ನತ್ತ ತಿರುಗಿದರು. ನನ್ನ ಲೇಖನ ಆಗಲೇ ಸ್ವೀಕೃತವಾಗಿತ್ತು. “ಚೀಲದ ಚೀಟಿಗಳು ಅದಲುಬದಲಾಗಿ ಬೇರೆಲ್ಲಿಯದೋ ಮಣ್ಣು ಸೇರಿರಬೇಕು,” ಎಂದೆ. “ಹುಡುಗಿ ಬುದ್ಧಿವಂತೆ. ಸ್ವಲ್ಪ ಅಜಾಗರೂಕಳು.” ನೀನು ನನ್ನನ್ನು ನೋಡಿದೆ — ಕೋಪದಿಂದಲ್ಲ, ಬಸ್ಸು ನಿಲ್ಲಿಸದೆ ಹೋದ ಡ್ರೈವರನ್ನು ನೋಡುವ ಹಾಗೆ. ಆಮೇಲೆ ನೀನೇಕೆ ವಾದಿಸಲಿಲ್ಲ ಎಂದು ನಾನು... ಬೇಡ, ಅದನ್ನು ಊಹಿಸುವ ಹಕ್ಕು ನನಗಿಲ್ಲ.

‘ಅಜಾಗರೂಕತೆ’ ಎಂಬ ಪದ ನಿನ್ನ ಕಡತಕ್ಕೆ ಅಂಟಿತು. ಬೇರೆ ಯಾವ ಗೈಡೂ ನಿನ್ನನ್ನು ತೆಗೆದುಕೊಳ್ಳಲಿಲ್ಲ. ಆ ಚಳಿಗಾಲದಲ್ಲೇ ನೀನು ಬಿಟ್ಟುಹೋದೆ; ನೋಯ್ಡಾದ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳುತ್ತೀಯೆಂದು ಯಾರೋ ಅಂದರು. ನನಗೆ ದಿಲ್ಲಿಯ ಕನ್ನಡಿಗರು ಶಾಲು ಹೊದಿಸಿದರು. ‘ಲಾವಂಚದ ಮೇಷ್ಟ್ರು’ ಎಂದರು. ಹೊದ್ದುಕೊಂಡೆ.

ಲೇಖನ ಮಾತ್ರ ಸಾಯುವುದಿಲ್ಲ. ಅದನ್ನು ನಂಬಿ ಎಲ್ಲೆಲ್ಲೋ ನೆಟ್ಟವರು ಕಾಗದ ಬರೆಯುತ್ತಾರೆ: ‘ನಮ್ಮಲ್ಲಿ ಅಷ್ಟು ಮಣ್ಣು ನಿಲ್ಲುತ್ತಿಲ್ಲ, ಏನು ಮಾಡಬೇಕು?’ ಏನೆಂದು ಬರೆಯಲಿ — ವಾರಕ್ಕೊಂದು ಟ್ರಾಲಿ ತರಿಸಿ ಎಂದೇ? ಕಳೆದ ವಾರ ಬಂದದ್ದು ಒಬ್ಬ ವಿದ್ಯಾರ್ಥಿನಿಯ ಕಾಗದ. ಅವಳ ಅಳತೆ ನನ್ನ ಲೇಖನಕ್ಕೆ ಹೊಂದುತ್ತಿಲ್ಲವಂತೆ. ಗೈಡ್ ಮೂರನೇ ಸಲ ಅಳೆಯಲು ಹೇಳಿದ್ದಾರಂತೆ. ‘ನನ್ನ ಕೈಯಲ್ಲೇ ದೋಷವಿರಬಹುದೇ ಸರ್?’ ಎಂದು ಕೇಳಿದ್ದಾಳೆ.

ಅವಳಿಗೆ ಇಲ್ಲವೆಂದು ಬರೆದೆ. ಲೇಖನ ಅಚ್ಚು ಮಾಡಿದ ಪತ್ರಿಕೆಗೂ ಸಂಸ್ಥೆಗೂ ನಡೆದದ್ದನ್ನೆಲ್ಲ ಬರೆದಿದ್ದೇನೆ: ಲೇಖನ ಹಿಂತೆಗೆದುಕೊಳ್ಳಲು, ನಿನ್ನ ಕಡತದ ಆ ಪದ ಅಳಿಸಲು. ಯಾವ ನಮೂನೆಯಲ್ಲಿ ಕಳಿಸಲೆಂದು ಫೋನಿನಲ್ಲಿ ಕೇಳಿದಾಗ ಸಂಸ್ಥೆಯ ಗುಮಾಸ್ತ, “ಅರೇ ಸರ್-ಜೀ, ರಿಟೈರ್ ಹೋ ಗಯೇ, ಅಬ್ ಛೋಡಿಯೇ,” ಎಂದ. ನಿವೃತ್ತನಾದ ಮೇಲೆ ಬಿಟ್ಟುಬಿಡಬೇಕಂತೆ; ನಿವೃತ್ತರ ತಪ್ಪಿಗೆ ಅವರಲ್ಲಿ ನಮೂನೆ ಇಲ್ಲವಂತೆ. ಬಿಳಿ ಹಾಳೆಯಲ್ಲೇ ಬರೆದೆ.

ಆ ಎರಡು ಕಾಗದಗಳನ್ನು ಸೋಮವಾರ ಅಂಚೆಗೆ ಹಾಕುತ್ತೇನೆ. ಪ್ರತಿ ಇದರೊಂದಿಗಿದೆ. ವಿವರದಲ್ಲಿ ತಪ್ಪಿದ್ದರೆ ತಿದ್ದು, ತಿದ್ದದಿದ್ದರೂ ಕಳಿಸುತ್ತೇನೆ. ಒಂದು ಮಾತು ಮಾತ್ರ — ಬರೆದು ತಂದ ಪ್ರತಿ ಅಧ್ಯಾಯದಲ್ಲೂ ನನ್ನ ತಪ್ಪುಗಳನ್ನು ನೀನು ಮೆತ್ತಗೆ ‘ನಮ್ಮ’ ಎಂದು ಹಂಚಿಕೊಳ್ಳುತ್ತಿದ್ದೆ. ಈ ಪ್ರತಿಯಲ್ಲಿ ‘ನಾನು’ ಎಂದಿರುವ ಕಡೆ ‘ನಾವು’ ಎಂದು ಮಾಡಬೇಡ.