ಜೋಡಿ ಹಾಜರಿ

ಕೊಳಾಯಿಯಲ್ಲಿ ನೀರು ನಿಲ್ಲುವ ಮೊದಲು ಆರು ಬಿಂದಿಗೆ ತುಂಬಬೇಕು. ಒಲೆ ಹಚ್ಚಿ, ಮುದ್ದೆಗೆ ಎಸರಿಟ್ಟು, ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ತರಬೇಕು. ಹುರುಳಿ ಸಾರು, ಗಂಡನ ಬುತ್ತಿ. ಆಮೇಲೆ ಕಾರ್ಖಾನೆಯ ಶೆಡ್ಡಿಗೆ ಓಡಿ, ಒಣಗಲು ಇಟ್ಟ ಹಸಿ ಹೆಂಚುಗಳನ್ನು ಬಿಸಿಲು ತಾಗುವ ಮೊದಲೇ ಒಂದೊಂದಾಗಿ ಮಗುಚಬೇಕು, ತಡವಾದರೆ ಸೊಟ್ಟಗಾಗುತ್ತವೆ. ನಾನೂರು ಮಗುಚಿ ಬಂದು ಗಂಡನ ಸ್ನಾನಕ್ಕೆ ನೀರು ತೋಡಿಡುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಮಾಲೂರಿನ ಆ ಹೆಂಚಿನ ಕಾರ್ಖಾನೆಯಲ್ಲಿ ಅಶ್ವತ್ಥಮ್ಮ ಇಪ್ಪತ್ತಮೂರು ವರ್ಷ ಹೀಗೆ ಬೆಳಗು ಮಾಡಿದಳು.

ಹಾಜರಿ ಪುಸ್ತಕದಲ್ಲಿ ಮಾತ್ರ ಅವಳಿಲ್ಲ. ಗಂಡ ಹೆಂಡತಿ ಒಟ್ಟಿಗೆ ಕೆಲಸಕ್ಕೆ ಸೇರಿದರೆ ಅದು ‘ಜೋಡಿ’. ಕೈ ನಾಲ್ಕು, ಹೆಸರು ಒಂದು, ಅದು ಗಂಡನದು. ಕಾರ್ಖಾನೆಯ ಲೈನ್‌ಮನೆ ಕೊಡುತ್ತಿದ್ದದ್ದು ಜೋಡಿಗೆ ಮಾತ್ರ. ಆವನಿ ಹಳ್ಳಿಯಿಂದ ಬಂದ ಹೊಸತರಲ್ಲಿ ಸೋರದ ಮನೆಯೊಂದು ಸಿಕ್ಕರೆ ಸಾಕೆಂದು ಅವಳೇ, “ಅವರ ಹೆಸರೇ ಬರ್ಕೊಳ್ಳಿ ಸ್ವಾಮಿ, ನಂದ್ಯಾಕೆ” ಅಂದಿದ್ದಳು.

ಈಗ ಕಾರ್ಖಾನೆ ಮುಚ್ಚುತ್ತಿದೆ. ಕೆರೆಮಣ್ಣು ಸಿಗುವುದಿಲ್ಲ, ಹೆಂಚು ಕೇಳುವವರೂ ಇಲ್ಲ. ಕೊನೆಯ ಭಟ್ಟಿ ಆರಿದ ದಿನ ಹಾಜರಿ ಬರೆಯುವ ರೈಟರ್ ವೆಂಕಟರಾಯಪ್ಪ ಎಲ್ಲರನ್ನೂ ಕೂರಿಸಿ ಹೇಳಿದರು. ಭಾನುವಾರದೊಳಗೆ ಮನೆ ಖಾಲಿ ಮಾಡಬೇಕು. ಪರಿಹಾರದ ಹಣ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ತಮ್ಮ ಮನೆಯಿಂದ ಬೇರೆ ಯಾರೂ ಇಲ್ಲಿ ದುಡಿದಿಲ್ಲವೆಂದು ಅವರು ಶನಿವಾರ ಲೇಬರ್ ಆಫೀಸರ್ ಎದುರು ಬರೆದು ಸಹಿ ಹಾಕಬೇಕು. ಮೂವತ್ತು ಹೆಂಗಸರಲ್ಲಿ ಪುಸ್ತಕದಲ್ಲಿದ್ದದ್ದು ನಾಲ್ವರ ಹೆಸರು. ನಾಲ್ವರೂ ಗಂಡ ಸತ್ತವರು.

“ನಮ್ಮ ಯಜಮಾನ್ರು ಬದುಕಿದ್ದಾಗ ಒಂದು ರವಿಕೆ ಕೊಡಿಸ್ಲಿಲ್ಲ, ಸತ್ತು ಹೆಸರು ಕೊಡಿಸಿದ್ರು ನೋಡಕ್ಕ” ಎಂದಳು ಪಕ್ಕದ ಮನೆಯ ಮುನಿಲಕ್ಷ್ಮಿ. ಹೆಂಗಸರು ನಕ್ಕರು. ಅಶ್ವತ್ಥಮ್ಮನಿಗೆ ನಗು ಬರಲಿಲ್ಲ.

ಗಂಡ ಸೊಣ್ಣಪ್ಪ ಹೆಂಚು ಒತ್ತುವ ಯಂತ್ರದ ಆಳು, ಕೆಟ್ಟವನಲ್ಲ. ಮಾಲೀಕರ ಭಾವಮೈದುನನಿಗೆ ಮುಳಬಾಗಿಲ ಕಡೆ ಇಟ್ಟಿಗೆ ಗೂಡಿದೆ. ಅಲ್ಲಿಗೆ ಜೋಡಿಯಾಗಿ ಬರುತ್ತೇವೆಂದು ಸೊಣ್ಣಪ್ಪ ಆಗಲೇ ಒಪ್ಪಿ ಬಂದಿದ್ದ. ಅವಳನ್ನು ಕೇಳಿರಲಿಲ್ಲ. ಅವಳ ಬಲಗೈ ಭುಜದಿಂದ ಮೇಲಕ್ಕೆ ಏಳದೆ ವರ್ಷವಾಗಿತ್ತು. ಅಲ್ಲಿ ತಲೆಯ ಮೇಲೆ ಹಸಿ ಇಟ್ಟಿಗೆ ಹೊರಬೇಕು, ಅದೂ ಅವನ ಹೆಸರಿನಲ್ಲೇ. ಇಲ್ಲಿಯ ಪರಿಹಾರದಲ್ಲಿ ತನ್ನ ಪಾಲು ಬಂದರೆ ಡಾಕ್ಟರಿಗೆ ಕೈ ತೋರಿಸಿಕೊಂಡು, ಹೊರೆ ಇಲ್ಲದ ಯಾವುದಾದರೂ ಕೆಲಸ ಹಿಡಿಯಬಹುದು. ನನ್ನ ಹೆಂಡತಿಯೂ ದುಡಿದಿದ್ದಾಳೆಂದು ಒಂದು ಮಾತು ಹೇಳಿ ಎಂದು ಗಂಡನನ್ನು ಮೂರು ದಿನ ಬೇಡಿದಳು.

“ಹಂಗಂದ್ರೆ ಅಲ್ಲೂ ಸೇರಿಸ್ಕೊಳಲ್ಲ ಕಣೇ” ಎಂದ ಸೊಣ್ಣಪ್ಪ. “ಅಮ್ಮನ್ನ ಎತ್ಕೊಂಡು ಎಲ್ಲಿಗೆ ಹೋಗೋಣ? ಬಸ್‌ಸ್ಟ್ಯಾಂಡಿಗಾ?”

ಅವನು ಹೇಳಿದ್ದು ನಿಜವೇ.

ಶನಿವಾರ ಗಂಡಸರು ಆಫೀಸಿನ ಮುಂದೆ ಸಾಲು ನಿಂತರು. ಅಶ್ವತ್ಥಮ್ಮ ಮನೆ ಮನೆಗೆ ಹೋಗಿ, ತನ್ನ ಜೊತೆ ಆಫೀಸಿಗೆ ಬನ್ನಿ ಎಂದು ಹೆಂಗಸರನ್ನು ಕರೆದಳು. ಪಾತ್ರೆ ಕಟ್ಟಬೇಕು ಎಂದರು, ಅಕ್ಕಿಗೆ ನೀರಿಟ್ಟಿದ್ದೇನೆ ಎಂದರು. ಗಂಡನಿಗೆ ಹೆದರುತ್ತೇನೆಂದು ಯಾರೂ ಹೇಳಲಿಲ್ಲ.

ಅತ್ತೆಗೆ ಉಣ್ಣಿಸಿ, ಬಾಯಿ ಒರೆಸಿ, ಒಬ್ಬಳೇ ಹೋದಳು. ಸೊಣ್ಣಪ್ಪ ಮೇಜಿನ ಮೇಲೆ ಬಾಗಿ ಒಂದೊಂದೇ ಅಕ್ಷರ ಬರೆಯುತ್ತಿದ್ದ. ಅವಳನ್ನು ಕಂಡು ಬೇಡವೆಂದು ತಲೆಯಾಡಿಸಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅವಳಿಗೂ ಅಷ್ಟೇ ಭಯವಿತ್ತು.

“ನಿಂದೇನಮ್ಮ?” ಎಂದರು ಆಫೀಸರ್.

“ಇವರು ಬರೀತಿರೋದು ಸುಳ್ಳು ಸಾರ್” ಎಂದಳು ಅಶ್ವತ್ಥಮ್ಮ. “ನಾನೂ ಇಲ್ಲೇ ದುಡಿದಿದ್ದೀನಿ.”